ಬಾನೆಟ್ ಮೇಲಿನ ಯೀಸ್ಟು

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಗಾದೆಯಲ್ಲಿ ಮಾತ್ರ ಇರುತ್ತಾರೆ ಅಂದುಕೊಂಡಿದ್ದೆ. ಪಿಎಚ್‌ಡಿಗೆ ಸೇರಿದ ಮೇಲೆ ಅಂಥವರೊಬ್ಬರು ನನಗೆ ಗೈಡ್ ಆಗಿ ಸಿಕ್ಕರು. ಆ ವರ್ಷ ದಸರಾ ಕಳೆದು ಹತ್ತು ದಿನಕ್ಕೆ ಅವರಿಗೆ, ಆರ್‌ಎನ್‌ಎಗಳನ್ನು ಉದ್ದದ ಪ್ರಕಾರ ಪಟ್ಟಿಗಳಾಗಿ ಬಿಡಿಸಿ ತೋರಿಸುವ ಒಂದು ಜೆಲ್‌ನ ಫೋಟೊ ತೋರಿಸಿದೆ. ಅದರ ತಳದಲ್ಲಿ, ಏನೂ ಇರಬಾರದ ಜಾಗದಲ್ಲಿ, ತೆಳ್ಳಗೊಂದು ಪಟ್ಟಿ ಬಂದಿತ್ತು. ಎಲ್ಲೋ ಕೆಟ್ಟಿದೆ ಸರ್ ಎಂದು ಹೇಳಲು ಹೋದವಳು ನಾನು. ಅವರು ಕನ್ನಡಕ ಹಣೆಗೇರಿಸಿ, ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದು ಆವಿಷ್ಕಾರ ಕಣಮ್ಮ!" ಅಂದರು. ಅರ್ಧ ಗಂಟೆಯಲ್ಲಿ ವಿಭಾಗಕ್ಕೆಲ್ಲ ಪೇಡ ಹಂಚಿದ್ದಾಯಿತು. ನಾನೂ ಒಂದು ತಿಂದೆ.

ನಮ್ಮದು ಬೇಕರಿಯಲ್ಲಿ ಬ್ರೆಡ್ ಉಬ್ಬಿಸುವ ಅದೇ ಯೀಸ್ಟು. ಅದರ ಕೋಶದೊಳಗೆ ಪ್ರೋಟೀನಿನ ಸಂದೇಶ ಹೊರದ ಚಿಕ್ಕ ಚಿಕ್ಕ ಆರ್‌ಎನ್‌ಎಗಳು ಬೇಕಾದಷ್ಟಿವೆ. ಪ್ರೋಟೀನ್ ಕಟ್ಟುವ ಜಾಗಕ್ಕೆ ಅಮೈನೋ ಆಮ್ಲಗಳನ್ನು ಹೊತ್ತು ತರುವ ಟಿಆರ್‌ಎನ್‌ಎ ಅವುಗಳಲ್ಲೊಂದು. ಕೋಶ ಅದನ್ನು ಮೊದಲು ಉದ್ದವಾಗಿ ಬರೆದುಕೊಳ್ಳುತ್ತದೆ, ಆಮೇಲೆ ಎರಡೂ ತುದಿ ಕತ್ತರಿಸುತ್ತದೆ, ಕೆಲವುಗಳಲ್ಲಿ ನಡುವಿನ ಬೇಡದ ತುಂಡು ತೆಗೆದು ಮತ್ತೆ ಬೆಸೆಯುತ್ತದೆ. ಕೊನೆಗೆ ಎಪ್ಪತ್ತೈದು ಎಂಬತ್ತು ಅಕ್ಷರದ ಅಚ್ಚುಕಟ್ಟಾದ ವಸ್ತು ಉಳಿಯುತ್ತದೆ. ಈ ಕತ್ತರಿ ಕೆಲಸ ಹೇಗೆ ನಡೆಯುತ್ತದೆ ಎನ್ನುವುದೇ ನನ್ನ ವಿಷಯ. ಯಾರೂ ಪೇಡ ಹಂಚುವಂಥ ವಿಷಯವಲ್ಲ.

ಗೈಡ್ ಕಂಡದ್ದು ಬೇರೆ. ಗಿಡ, ಹುಳು, ಮನುಷ್ಯರಲ್ಲಿ ಇಪ್ಪತ್ತು ಚಿಲ್ಲರೆ ಅಕ್ಷರದ ಪುಟ್ಟ ಆರ್‌ಎನ್‌ಎಗಳಿವೆ, ಅವು ಜೀನುಗಳ ಬಾಯಿ ಮುಚ್ಚಿಸುತ್ತವೆ. ಅವನ್ನು ತುಂಡರಿಸಿ ಕೊಡುವ ಕಿಣ್ವ ಬ್ರೆಡ್ ಯೀಸ್ಟಿನಲ್ಲಿ ಇಲ್ಲ, ಎಂದೋ ಕಳೆದುಕೊಂಡಿದೆ. ಎಂಎಸ್ಸಿ ಮಕ್ಕಳಿಗೂ ಗೊತ್ತಿರುವ ಮಾತು. ಅದನ್ನು ಹೇಳಿದೆ. "ಪುಸ್ತಕ ಬರ್ದೋರು ನಮ್ ಶಿವಮೊಗ್ಗದ ಯೀಸ್ಟ್ ನೋಡಿದಾರೇನಮ್ಮ?" ಅಂದರು. ನನ್ನ ಪಟ್ಟಿ ಮೂವತ್ತೈದು ಅಕ್ಷರದ ಆಸುಪಾಸಿನಲ್ಲಿತ್ತು, ಅಳತೆಯೂ ಹೊಂದುತ್ತಿರಲಿಲ್ಲ. "ಅದೇ ಹೊಸದು!" ಅಂದರು. ಇಂಥವರ ಜೊತೆ ವಾದ ಮಾಡುವುದಕ್ಕಿಂತ ಕೋಟೆ ರಸ್ತೆಯಲ್ಲಿ ನಿಂತು ದನ ಅಟ್ಟುವುದು ವಾಸಿ.

ಕೆಟ್ಟದ್ದು ಎಲ್ಲಿ ಎಂದು ನನಗೆ ಗೊತ್ತಿತ್ತು. ಗೊತ್ತಿದೆ ಎಂದುಕೊಂಡಿದ್ದೆ.

ಫ್ಲಾಸ್ಕುಗಳನ್ನು ಅಲ್ಲಾಡಿಸುತ್ತ ಯೀಸ್ಟು ಬೆಳೆಸುವ, ಶಿವಮೊಗ್ಗದ ನಮ್ಮ ಲ್ಯಾಬಿನ ಶೇಕರ್ ಮೋಟಾರು ಸುಟ್ಟು ಎಂಟು ತಿಂಗಳಾಗಿತ್ತು. ರಿಪೇರಿಯ ಫೈಲು ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ತೀರ್ಥಯಾತ್ರೆ ಹೊರಟಿತ್ತು. ಹಾಗಾಗಿ ಯೀಸ್ಟು ಬೆಳೆಯುವುದು ನಮ್ಮದೇ ಸಂಸ್ಥೆಯ ಭದ್ರಾವತಿ ಕಾಲೇಜಿನ ಶೇಕರಿನಲ್ಲಿ, ಅದರ ಆರ್‌ಎನ್‌ಎ ತೆಗೆಯುವುದು ಶಿವಮೊಗ್ಗದಲ್ಲಿ. ನಡುವೆ ಪ್ರೈವೇಟ್ ಬಸ್ಸು. ಬಾಗಿಲಿನಿಂದ ಬಾಗಿಲಿಗೆ ಒಂದು ಗಂಟೆ. ಇದಕ್ಕೆ ಸಂಶೋಧನೆ ಎಂದು ಹೆಸರು.

ಭದ್ರಾವತಿ ಲ್ಯಾಬಿಗೊಬ್ಬ ಅಟೆಂಡರ್ ಇದ್ದರು. ಐವತ್ತು ದಾಟಿದವರು, ಮನೆಮಾತು ತಮಿಳು. ಮುಚ್ಚಿಹೋದ ಕಾರ್ಖಾನೆಯೊಂದರ ಕೊಳಚೆ ನೀರು ಶುದ್ಧಿ ಮಾಡುವ ಘಟಕದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ, ಈಗ ವರ್ಷ ವರ್ಷಕ್ಕೆ ನವೀಕರಣವಾಗುವ ಗುತ್ತಿಗೆಯ ಮೇಲೆ ಇಲ್ಲಿದ್ದರು. ಮೊದಮೊದಲು ಯೀಸ್ಟನ್ನು ಶಿವಮೊಗ್ಗಕ್ಕೆ ತರುತ್ತಿದ್ದವರು ಅವರೇ. ಹತ್ತಿಯ ಬಿರಡೆ ಹಾಕಿದ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಕೈಯಲ್ಲೇ ಗಿರಗಿರ ಆಡಿಸುತ್ತ ಬರುತ್ತಿದ್ದರು. ಒಂದು ದಿನ ಅದೇ ಬಸ್ಸಿನಲ್ಲಿದ್ದ ನಾನು ನೋಡಿ ನಕ್ಕುಬಿಟ್ಟೆ.

"ಯಾಕ್ರೀ, ಮಗು ಅಳುತ್ತಾ?"

"ಗಾಳಿ ಬೇಕು ಮೇಡಂ ಅದಕ್ಕೆ. ಊಟಾನೂ ಬೇಕು. ನಮ್ ಪ್ಲಾಂಟಲ್ಲಿ ನೋಡಿದೀನಲ್ಲ, ಊಟ ನಿಂತ್ರೆ ಆ ಜೀವ ತನ್ನನ್ನೇ ತಿನ್ನಕ್ಕೆ ಶುರು ಮಾಡುತ್ತೆ."

ಕೊಳಚೆ ನೀರಿನ ಬ್ಯಾಕ್ಟೀರಿಯಾಕ್ಕೂ ನನ್ನ ಯೀಸ್ಟಿಗೂ ಎಲ್ಲಿಯ ಸಂಬಂಧ ಎಂದು ಆ ಮಾತನ್ನು ಅಲ್ಲೇ ಬಿಟ್ಟೆ. ಮನಸ್ಸಿಗೆ ಹಾಕಿಕೊಂಡಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಆಯುಧಪೂಜೆ ಮುಗಿದ ಮೇಲೆ ಭದ್ರಾವತಿಗೆ ಹೋದೆ. ಬಾಗಿಲಲ್ಲಿ ಒಡೆದ ಬೂದುಗುಂಬಳ. ಶೇಕರಿಗೆ ಚೆಂಡುಹೂವಿನ ಹಾರ. ಸೆಂಟ್ರಿಫ್ಯೂಜಿನ ಮುಚ್ಚಳಕ್ಕೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಅಲ್ಲಿಟ್ಟಿದ್ದ, ಹನಿ ಅಳೆಯುವ ನನ್ನ ಮೂರು ಪಿಪೆಟ್ಟುಗಳ ಹಿಡಿಗೂ ಒಂದೊಂದು ಬೊಟ್ಟು. ಆರ್‌ಎನ್‌ಎ ಕೆಲಸ ಮಾಡುವವರಿಗೆ ಬರಿಗೈ ಎಂದರೆ ಮೈ ಉರಿಯುತ್ತದೆ. ಮನುಷ್ಯನ ಬೆವರಿನಲ್ಲೇ ಆರ್‌ಎನ್‌ಎ ತಿನ್ನುವ ಕಿಣ್ವವಿದೆ, ಒಂದು ಬೆರಳು ತಾಗಿದರೆ ವಾರದ ಕೆಲಸ ಮಣ್ಣುಪಾಲು. ಕೂಗಾಡಿದೆ.

"ವರ್ಷಕ್ಕೊಂದ್ಸಲ ಮೇಡಂ," ಅಂದರು. "ಕಾರ್ಖಾನೇಲಿ ಅಷ್ಟು ದೊಡ್ಡ ಟರ್ಬೈನಿಗೇ ಇಡ್ತಿದ್ವಿ. ಅದೇನ್ ನಿಂತೋಯ್ತಾ?"

"ಕಾರ್ಖಾನೆನೇ ನಿಂತೋಯ್ತಲ್ರೀ," ಅಂದೆ.

ಅವರು ಒದ್ದೆ ಬಟ್ಟೆ ತಂದು ಪಿಪೆಟ್ಟುಗಳ ಬೊಟ್ಟು ಒರೆಸಿದರು. ಒಳ್ಳೆಯ ಉತ್ತರ ಕೊಟ್ಟೆ ಎಂದು ಶಿವಮೊಗ್ಗದ ಆಲ್ಕೊಳದ ನನ್ನ ಮನೆ ಮುಟ್ಟುವವರೆಗೂ ಖುಷಿಯಾಗಿದ್ದೆ.

ಆ ದಿನದಿಂದ ಯೀಸ್ಟನ್ನು ನಾನೇ ತರತೊಡಗಿದೆ, ನನ್ನ ಶುಚಿಯಾದ ಕ್ರಮದಲ್ಲಿ. ಕೋಶಗಳನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳಕ್ಕಿಳಿಸುವುದು, ಕಂದು ಬಣ್ಣದ ಸಕ್ಕರೆ ದ್ರಾವಣವನ್ನು ಚೆಲ್ಲುವುದು, ಶುದ್ಧ ನೀರಿನಲ್ಲಿ ಎರಡು ಸಲ ತೊಳೆಯುವುದು, ಬೆಳ್ಳಗಾದ ಕೋಶಗಳನ್ನು ಸ್ವಲ್ಪ ನೀರಿನಲ್ಲೇ ಟ್ಯೂಬಿಗೆ ತುಂಬಿ ಐಸ್‌ಪ್ಯಾಕಿನ ಜೊತೆ ಥರ್ಮೋಕೋಲ್ ಡಬ್ಬಿಯಲ್ಲಿಡುವುದು. ಬಸ್ಸು ಹತ್ತಿದರೆ ಕಂಡಕ್ಟರ್ ಒಂದೇ ರಾಗ: "ಡಬ್ಬಿ ಬಾನೆಟ್ ಮೇಲಿಡ್ರಿ ಮೇಡಂ, ಸೀಟಿಗೆ ಜನ ಬರ್ತಾರೆ." ಡ್ರೈವರಿನ ಪಕ್ಕದ ಎಂಜಿನ್ ಬಾನೆಟ್ ಎಂದರೆ ನಮ್ಮ ಕಡೆ ತರಕಾರಿ ಚೀಲದಿಂದ ಹಿಡಿದು ಕಾಲೇಜು ಹುಡುಗಿಯರ ತನಕ ಎಲ್ಲರಿಗೂ ಜಾಗ. ನನ್ನ ಡಬ್ಬಿಯೂ ಅಲ್ಲಿ ಕೂತಿತು.

ಆಮೇಲೆ ಬಂದದ್ದೇ ಆ ಪಟ್ಟಿ.

ಗೈಡ್ ಪೇಡ ಹಂಚಿದ ಮಾರನೆಯ ದಿನ ನಾನೊಂದು ಪತ್ರ ಬರೆದೆ. ಒಂದೂವರೆ ಪುಟ. ಭದ್ರಾವತಿಯ ಅಟೆಂಡರ್ ಉಪಕರಣಗಳನ್ನು ಪೂಜಾಸಾಮಗ್ರಿಯಿಂದ ಮಲಿನಗೊಳಿಸಿರುವುದರಿಂದ ನನ್ನ ಫಲಿತಾಂಶ ಕೆಟ್ಟಿದೆ ಎಂಬುದು ಸಾರಾಂಶ. "ಪ್ರಯೋಗಾಲಯವನ್ನು ಗರ್ಭಗುಡಿಯೆಂದು ಭಾವಿಸುವವರ ಕೈಗೆ ವಿಜ್ಞಾನವನ್ನು ಒಪ್ಪಿಸಿದರೆ ಪ್ರಸಾದ ಸಿಗಬಹುದು, ಸತ್ಯ ಸಿಗಲಾರದು" ಎಂಬ ವಾಕ್ಯವೂ ಇತ್ತು. ಎರಡು ಸಲ ಓದಿ ಮೆಚ್ಚಿಕೊಂಡು ಸಹಿ ಹಾಕಿದೆ.

ಗೈಡ್ ಅದನ್ನು ಓದಿ ತಲೆದೂಗಿದರು. ಅಟೆಂಡರ್ ಜಾಗಕ್ಕೆ ತಮ್ಮ ಕಡೆಯವರೊಬ್ಬರನ್ನು ಸೇರಿಸಬೇಕೆಂದು ಅವರಿಗೆ ಮೊದಲಿಂದಲೂ ಇತ್ತು, ನೆಪ ಬೇಕಿತ್ತು. ಪತ್ರ ಭದ್ರಾವತಿಯ ಪ್ರಿನ್ಸಿಪಾಲರಿಗೆ ಹೋಯಿತು. ತಿಂಗಳ ಕೊನೆಗೆ ಗುತ್ತಿಗೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ ಎಂಬ ಮೆಮೊ ಅಟೆಂಡರ್ ಕೈ ಸೇರಿತು, ಜೊತೆಗೆ ನನ್ನ ಪತ್ರದ ನಕಲು. ಅದೇ ವಾರ ನಮ್ಮಲ್ಲಿ ನಡೆಯಲಿದ್ದ ವಿಚಾರ ಸಂಕಿರಣದ ಆಹ್ವಾನಪತ್ರಿಕೆಯೂ ಬಂತು. ಬ್ರೆಡ್ ಯೀಸ್ಟಿನಲ್ಲಿ ಹೊಸ ಆರ್‌ಎನ್‌ಎ ಎಂದು ಗೈಡ್ ಭಾಷಣ, ಅವರ ಹೆಸರಿನ ಕೆಳಗೆ ನನ್ನ ಹೆಸರು. ಒಂದೇ ಪಟ್ಟಿ ಕೊಳಕೆಂದು ಒಬ್ಬನ ಅನ್ನ ತೆಗೆಯಲೂ ಆಯಿತು, ಆವಿಷ್ಕಾರವೆಂದು ಹಾರ ಹಾಕಿಸಿಕೊಳ್ಳಲೂ ಆಯಿತು. ಈ ಬುದ್ಧಿವಂತಿಕೆಯ ಅರ್ಧವನ್ನಾದರೂ ವಿಜ್ಞಾನಕ್ಕೆ ಬಳಸಿದ್ದರೆ ಶೇಕರ್ ರಿಪೇರಿಯಾಗುತ್ತಿತ್ತು.

ಅತ್ತ ನಾನು ತೊಳೆಯಲು ಕೂತೆ. ಸೆಂಟ್ರಿಫ್ಯೂಜನ್ನು ಬ್ಲೀಚಿನಲ್ಲಿ ಒರೆಸಿದೆ. ಪಿಪೆಟ್ಟುಗಳನ್ನು ಬಿಚ್ಚಿ ತೊಳೆದೆ. ಪಿಪೆಟ್ಟಿಗೆ ಹೊಸ ತುದಿ, ಹೊಸ ಟ್ಯೂಬು, ಕಿಣ್ವ ಕೊಲ್ಲುವ ರಾಸಾಯನಿಕ ಹಾಕಿ ಕುದಿಸಿದ ನೀರು. ಗ್ಲೌಸನ್ನು ಐದು ನಿಮಿಷಕ್ಕೊಮ್ಮೆ ಬದಲಿಸಿದೆ. ಜೆಲ್ ಓಡಿಸಿದರೆ ಪಟ್ಟಿ ಅಲ್ಲೇ ಇತ್ತು. ಇನ್ನೊಮ್ಮೆ ಓಡಿಸಿದೆ, ಇನ್ನೂ ಚೆನ್ನಾಗಿ ಬಂತು.

ಇಲ್ಲೊಂದು ನಾಚಿಕೆಯ ಮಾತು ಹೇಳಲೇಬೇಕು. ಬೆರಳಿನ ಕಿಣ್ವ ತಾಗಿದ್ದರೆ ಮೊದಲು ಹಾಳಾಗುವುದು ಉದ್ದನೆಯ ಆರ್‌ಎನ್‌ಎಗಳು, ಅವು ಕರಗಿ ಜೆಲ್‌ನಲ್ಲಿ ಮೇಲಿಂದ ಕೆಳಗಿನವರೆಗೆ ಮಸಿ ಎಳೆದಂತೆ ಕಾಣುತ್ತವೆ. ನನ್ನ ಮಾದರಿಯಲ್ಲಿ ಉದ್ದನೆಯವುಗಳ ಎರಡು ಪಟ್ಟಿಗಳೂ ನೆಟ್ಟಗೆ, ಗಟ್ಟಿಯಾಗಿ ನಿಂತಿದ್ದವು. ಎಲ್ಲೂ ಮಸಿ ಇರಲಿಲ್ಲ. ಇದನ್ನು ಮೊದಲ ದಿನವೇ ನೋಡಿದ್ದೆ. ನೋಡಿಯೂ ಒಂದೂವರೆ ಪುಟ ಬರೆದಿದ್ದೆ. ಕುಂಕುಮವನ್ನು ಕಂಡ ಕೂಡಲೇ ತೀರ್ಪು ಕೊಟ್ಟಾಗಿತ್ತು, ಸಾಕ್ಷಿ ಯಾರಿಗೆ ಬೇಕಿತ್ತು?

ಹಾಗಾದರೆ ತುಂಡಾಗುವುದು ಎಲ್ಲಿ? ಶಿವಮೊಗ್ಗದ ಲ್ಯಾಬಿನಲ್ಲಿ ಆರ್‌ಎನ್‌ಎ ತೆಗೆಯುವಾಗಲೇ ಇರಬಹುದೇ ಎಂದು ನೋಡಲು, ಬಂದ ಕೂಡಲೇ ಕೋಶಗಳನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಅವುಗಳ ಒಳಗಿನ ಕೆಲಸವನ್ನೆಲ್ಲ ನಿಲ್ಲಿಸಬೇಕಿತ್ತು. ಅದು ನಮ್ಮ ವಿಭಾಗದಲ್ಲಿಲ್ಲ. ಊರಿನಲ್ಲಿ ಅದು ಸಿಗುವುದು ಪಶು ಆಸ್ಪತ್ರೆಯಲ್ಲಿ, ಹೋರಿಯ ವೀರ್ಯ ಕಾಪಿಡುವ ಕ್ಯಾನಿನಲ್ಲಿ. ಹೋಗಿ ನಿಂತೆ. ಅಲ್ಲಿಯ ಡಾಕ್ಟರು ತಲೆಯೆತ್ತದೆ "ಯಾವ ತಳಿ ಬೇಕಮ್ಮ?" ಅಂದರು. ಯೀಸ್ಟು ಎಂದೆ. ಆಗ ತಲೆಯೆತ್ತಿದರು. ಆದರೂ ಒಂದು ಫ್ಲಾಸ್ಕ್ ತುಂಬಿಸಿ ಕೊಟ್ಟರು, ಮತ್ತೇನೂ ಕೇಳಲಿಲ್ಲ. ಈ ಇಡೀ ಪ್ರಕರಣದಲ್ಲಿ ನನಗೆ ಎದುರಾದ ಒಬ್ಬನೇ ವಿದ್ಯಾವಂತ ಮನುಷ್ಯ ಅವರು.

ಬಸ್ಸಿಳಿದು ಲ್ಯಾಬು ಮುಟ್ಟಿದ ಕೂಡಲೇ ಹೆಪ್ಪುಗಟ್ಟಿಸಿದೆ. ಪಟ್ಟಿ ಬಂತು. ಅಂದರೆ ಕತ್ತರಿ ಆಡಿದ್ದು ಶಿವಮೊಗ್ಗ ತಲುಪುವ ಮೊದಲೇ.

ಮುಂದಿನ ಸಲ ಭದ್ರಾವತಿಯಿಂದ ಬರುವಾಗ ಮಾಚೇನಹಳ್ಳಿ ದಾಟಿದ ಮೇಲೆ ಬ್ರೇಕ್ ಬಿದ್ದು ಡಬ್ಬಿ ಜಾರಿತು. ಹಿಡಿದುಕೊಂಡೆ. ತಳ ಬಿಸಿಯಾಗಿತ್ತು. ಐಸ್‌ಪ್ಯಾಕು ಎಂದೋ ಕರಗಿ ಬೆಚ್ಚನೆಯ ನೀರಿನ ಚೀಲವಾಗಿತ್ತು. ಅದರ ನಡುವೆ ನನ್ನ ಬೆಳ್ಳಗಿನ ಯೀಸ್ಟು, ಶುದ್ಧ ನೀರಿನಲ್ಲಿ. ಶುದ್ಧ ನೀರಿನಲ್ಲಿ ಏನಿರುತ್ತದೆ? ಏನೂ ಇರುವುದಿಲ್ಲ. ಸಕ್ಕರೆಯಿಲ್ಲ, ಸಾರಜನಕವಿಲ್ಲ. ನಾನು ದಿನವೂ ಹೆಮ್ಮೆಯಿಂದ ಮಾಡುತ್ತಿದ್ದದ್ದು ಉಣ್ಣುತ್ತಿದ್ದವನ ಮುಂದಿನ ತಟ್ಟೆ ಕಿತ್ತುಕೊಂಡು, ಬಾಯಿ ತೊಳೆಸಿ, ಒಲೆಯ ಮೇಲೆ ಕೂರಿಸುವ ಕೆಲಸ.

ಮನೆಗೆ ಬಂದು ನನ್ನ ನೋಟ್‌ಬುಕ್ ತೆಗೆದೆ. ದಸರಾಕ್ಕೆ ಮೊದಲಿನ ಯಾವ ಜೆಲ್‌ನಲ್ಲೂ ಪಟ್ಟಿ ಇಲ್ಲ, ಎಲ್ಲವೂ ಅಟೆಂಡರ್ ತಂದ ಮಾದರಿಗಳು. ದಸರಾ ನಂತರದ ಎಲ್ಲದರಲ್ಲೂ ಪಟ್ಟಿ ಇದೆ, ಎಲ್ಲವೂ ನಾನು ತಂದವು. ಪೂಜೆಯಾದದ್ದೂ, ಫ್ಲಾಸ್ಕು ಅವರ ಕೈಯಿಂದ ನನ್ನ ಕೈಗೆ ಬಂದದ್ದೂ ಒಂದೇ ವಾರ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅಷ್ಟಕ್ಕೇ ನಿಲ್ಲದೆ ನೆಲ ಗುಡಿಸುವವರ ಕೆಲಸವನ್ನೂ ತೆಗೆಸಿದ್ದೆ.

ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು. ಎರಡು ದಾರಿ ಇದ್ದವು. ಬಾಯಿ ಮುಚ್ಚಿಕೊಂಡು ಇನ್ನು ಮೇಲೆ ಕೋಶಗಳನ್ನು ಸಕ್ಕರೆ ದ್ರಾವಣದಲ್ಲೇ ತಂದರೆ ಪಟ್ಟಿ ತಾನಾಗಿ ಮಾಯವಾಗುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಇಲ್ಲವಾದರೆ ತಪ್ಪು ನನ್ನದೆಂದು ನಾನೇ ರುಜುವಾತು ಮಾಡಬೇಕು. ಮೊದಲನೆಯದನ್ನು ಒಂದು ಇಡೀ ದಿನ ಯೋಚಿಸಿದೆ. ಆ ದಿನ ನನಗೂ ಗೈಡಿಗೂ ಇದ್ದ ವ್ಯತ್ಯಾಸ ಪೇಡದಷ್ಟೂ ಇರಲಿಲ್ಲ. ಅದು ಹೊಳೆದು ಮೈ ಉರಿದ ಮೇಲೆಯೇ ಭದ್ರಾವತಿ ಬಸ್ಸು ಹತ್ತಿದ್ದು.

ಅಟೆಂಡರ್ ಶೇಕರಿಗೆ ಎಣ್ಣೆ ಬಿಡುತ್ತಿದ್ದರು. ಮೆಮೊ ಬಂದ ಮೇಲೂ ಎಣ್ಣೆ ಬಿಡುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

"ನೀವು ಒಂದಿನ ನನ್ ಜೊತೆ ಬಸ್ಸಲ್ಲಿ ಬರ್ಬೇಕು," ಅಂದೆ. "ಫ್ಲಾಸ್ಕ್ ಆಡಿಸ್ಕೊಂಡು. ಮೊದ್ಲು ಮಾಡ್ತಿದ್ರಲ್ಲ, ಹಾಗೇ."

"ಯಾಕ್ ಮೇಡಂ?"

"ಊಟ ನಿಂತ್ರೆ ತನ್ನನ್ನೇ ತಿನ್ನುತ್ತೆ ಅಂದ್ರಲ್ಲ. ಅದನ್ನ ನೋಡ್ಬೇಕು."

ಅವರು ಎಣ್ಣೆಯ ಡಬ್ಬಿಯ ಮುಚ್ಚಳ ಹಾಕಿದರು. "ಅದು ನೋಡೋದೇನಿದೆ ಮೇಡಂ," ಅಂದರು. ಆದರೂ ಒಪ್ಪಿದರು.

ಪ್ರಯೋಗ ಹೀಗಿತ್ತು. ಒಂದೇ ಫ್ಲಾಸ್ಕಿನ ಯೀಸ್ಟನ್ನು ಐದು ಪಾಲು ಮಾಡಿ, ಐದನ್ನೂ ಅಲ್ಲಿಯ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದೆ. ಒಂದನ್ನು ಭದ್ರಾವತಿಯಲ್ಲೇ ಫಿನಾಲಿಗೆ ಹಾಕಿ ಆ ಕ್ಷಣಕ್ಕೇ ಕೊಂದೆ, ಅದು ಪ್ರಯಾಣ ಮಾಡದ ಮಾದರಿ. ಎರಡು ಪಾಲನ್ನು ಮತ್ತೆ ಅದೇ ಸಕ್ಕರೆ ದ್ರಾವಣಕ್ಕೆ ಬಿಟ್ಟೆ, ಎರಡನ್ನು ನನ್ನ ಶುಚಿಯಾದ ಕ್ರಮದಂತೆ ನೀರಿನಲ್ಲಿ ತೊಳೆದೆ. ಎರಡೂ ಬಗೆಯಲ್ಲಿ ಒಂದೊಂದು ಬಾನೆಟ್ ಮೇಲೆ, ಒಂದೊಂದು ಅಟೆಂಡರ್ ತೊಡೆಯ ಮೇಲೆ. ಕಂಡಕ್ಟರ್ ಬಂದು ಎಲ್ಲವನ್ನೂ ಬಾನೆಟ್ ಮೇಲಿಡಿ ಅಂದ. ಅಟೆಂಡರ್ ಫ್ಲಾಸ್ಕುಗಳನ್ನು ಎದೆಗವಚಿಕೊಂಡು, "ಇದಕ್ಕೂ ಬೇಕಾದ್ರೆ ಟಿಕೆಟ್ ಹರಿ ಮಾರಾಯ, ಇಳಿಸಲ್ಲ," ಅಂದರು. ಅವನು ಗೊಣಗುತ್ತ ಮುಂದೆ ಹೋದ. ಅವರು ಎರಡು ಕೈಯಲ್ಲಿ ಎರಡು ಫ್ಲಾಸ್ಕು ಆಡಿಸುತ್ತಿದ್ದರು, ನಾನು ಗಡಿಯಾರ ನೋಡುತ್ತಿದ್ದೆ.

ಜೆಲ್ ಓಡಿಸಿದೆ. ಪ್ರಯಾಣ ಮಾಡದ್ದರಲ್ಲಿ ಪಟ್ಟಿ ಇಲ್ಲ. ಸಕ್ಕರೆ ದ್ರಾವಣದಲ್ಲಿ ತೊಡೆಯ ಮೇಲೆ ಬಂದದ್ದರಲ್ಲಿ ಇಲ್ಲ, ಬಾನೆಟ್ ಮೇಲೆ ಬಂದದ್ದರಲ್ಲಿ ಹುಡುಕಿದರೆ ಕಾಣುವಷ್ಟು. ನೀರಿನಲ್ಲಿ ತೊಡೆಯ ಮೇಲೆ ಬಂದದ್ದರಲ್ಲಿ ಸ್ಪಷ್ಟವಾಗಿದೆ. ನೀರಿನಲ್ಲಿ ಬಾನೆಟ್ ಮೇಲೆ ಬಂದದ್ದರಲ್ಲಿ ಗೈಡ್ ಪೇಡ ಹಂಚಿದ ಅದೇ ಪಟ್ಟಿ, ಅದೇ ಗಾತ್ರ, ಇನ್ನಷ್ಟು ದಪ್ಪ. ಐದೂ ಮಾದರಿಗಳನ್ನು ತಿರುಗಿಸಿದ್ದು ಕುಂಕುಮ ಹಚ್ಚಿಸಿಕೊಂಡ ಅದೇ ಸೆಂಟ್ರಿಫ್ಯೂಜಿನಲ್ಲಿ. ಆಮೇಲೆ ಜೆಲ್‌ನ ಆರ್‌ಎನ್‌ಎಯನ್ನು ಪೊರೆಗಿಳಿಸಿ, ಟಿಆರ್‌ಎನ್‌ಎಯ ಒಂದು ತುದಿಗೆ ಮಾತ್ರ ಅಂಟಿಕೊಳ್ಳುವ ಗುರುತಿನ ತುಣುಕು ಹಾಕಿ ನೋಡಿದೆ. ಇಡೀ ಟಿಆರ್‌ಎನ್‌ಎಯೂ ಬೆಳಗಿತು, ಕೆಳಗಿನ ಪಟ್ಟಿಯೂ ಬೆಳಗಿತು. ಅದು ಟಿಆರ್‌ಎನ್‌ಎಯ ಅರ್ಧ, ನಡುವಿನ ಕುಣಿಕೆಯಲ್ಲಿ ಕತ್ತರಿಸಿದ್ದು.

ಹಸಿವು, ಬಿಸಿ ತಟ್ಟಿದರೆ ಯೀಸ್ಟು ಹೀಗೆ ಮಾಡುತ್ತದೆ ಎಂದು ತಿಳಿದವರು ಮೊದಲೇ ಹೇಳಿದ್ದಾರೆ. ಕೋಶ ತನ್ನೊಳಗಿನ ಒಂದು ಚೀಲದಲ್ಲಿ ಬಚ್ಚಿಟ್ಟ ಕಿಣ್ವ ಹೊರಗೆ ಬರುತ್ತದೆ, ತನ್ನದೇ ಟಿಆರ್‌ಎನ್‌ಎಯನ್ನು ಅರ್ಧಕ್ಕೆ ಕತ್ತರಿಸುತ್ತದೆ. ನನ್ನಲ್ಲೂ ಅದೇ ಕಿಣ್ವವೇ ಎಂದು ಆಣೆ ಮಾಡಲು ಆ ಕಿಣ್ವವಿಲ್ಲದ ತಳಿ ಬೇಕು, ಅದು ನನ್ನ ಹತ್ತಿರ ಇರಲಿಲ್ಲ. ಆದರೆ ಇದು ಹೊಸ ಆರ್‌ಎನ್‌ಎ ಅಲ್ಲ, ಕೊಳಕೂ ಅಲ್ಲ. ತನ್ನನ್ನೇ ತಿನ್ನತೊಡಗಿದ ಜೀವ.

ಐದು ಸಾಲಿನ ಫೋಟೊ ಗೈಡ್ ಮುಂದಿಟ್ಟೆ. ಈ ಸಲವೂ ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಬಸ್ಸಲ್ಲಿ ಮಾಡಿದ್ದು ಸೈನ್ಸ್ ಏನಮ್ಮ?"

"ನಿಮ್ಮ ಆವಿಷ್ಕಾರನೂ ಬಸ್ಸಲ್ಲೇ ಆಗಿದ್ದು ಸರ್."

"ಆಹ್ವಾನಪತ್ರಿಕೆ ಪ್ರಿಂಟ್ ಆಗಿದೆ ಮಾರಾಯ್ತಿ," ಅಂದರು. ಅವರ ಬಳಿ ಇದ್ದ ವಾದ ಅದೊಂದೇ. ನನ್ನ ಹೆಸರು ತೆಗೆಯಿರಿ ಎಂದೆ, ಬರವಣಿಗೆಯಲ್ಲೂ ಕೊಟ್ಟೆ. ಅಟೆಂಡರ್ ವಿಷಯ ಎತ್ತಿದ್ದಕ್ಕೆ, "ಒಬ್ಬ ಅಟೆಂಡರಿಗೋಸ್ಕರ ನಿನ್ ಥೀಸಿಸ್ಸಿಗೆ ಕಲ್ಲು ಹಾಕ್ಕೋತೀಯಾ?" ಎಂದು ಕೇಳಿದರು. ಸಂಕಿರಣದಲ್ಲಿ ಹೊರಗಿನಿಂದ ಬಂದ ತಜ್ಞೆಯೊಬ್ಬರು ಎದ್ದು, ಪುಟ್ಟ ಆರ್‌ಎನ್‌ಎ ಕತ್ತರಿಸಿ ಕೊಡುವ ಕಿಣ್ವವೇ ಇಲ್ಲದ ಯೀಸ್ಟಿನಲ್ಲಿ ಇದು ಹೇಗೆ ಎಂದು ಕೇಳಿದಾಗ, ಗೈಡ್ ಮುಂದಿನ ಸಂಶೋಧನೆ ತಿಳಿಸಲಿದೆ ಎಂದು ಹೇಳಿ ಊಟಕ್ಕೆ ಕರೆದರಂತೆ. ನಾನು ಹೋಗಿರಲಿಲ್ಲ. ಥೀಸಿಸ್ಸಿಗೆ ನಿಜಕ್ಕೂ ಕಲ್ಲು ಬಿತ್ತು, ಗೈಡ್ ಬದಲಿಸಿಕೊಳ್ಳಲು ಒಂದು ವರ್ಷ ಹಿಡಿಯಿತು.

ಎರಡನೆಯ ಪತ್ರವನ್ನು ಗೈಡ್ ಮೂಲಕ ಕಳಿಸದೆ ಭದ್ರಾವತಿಯ ಪ್ರಿನ್ಸಿಪಾಲರ ಕೈಗೇ ಕೊಟ್ಟೆ. ಆರು ಸಾಲು. ಉಪಕರಣಗಳು ಶುದ್ಧವಾಗಿದ್ದವು, ತಪ್ಪು ಮಾದರಿ ಸಾಗಿಸಿದ ನನ್ನ ಕ್ರಮದ್ದು, ಅಟೆಂಡರ್ ಅವರ ಕ್ರಮ ಸರಿಯಿತ್ತು, ಮೊದಲ ಪತ್ರವನ್ನು ಹಿಂಪಡೆಯುತ್ತೇನೆ. ಇದರಲ್ಲಿ ಗರ್ಭಗುಡಿ, ಪ್ರಸಾದ ಏನೂ ಇರಲಿಲ್ಲ. ಪ್ರಿನ್ಸಿಪಾಲರು ಓದಿ, "ಮೊದ್ಲು ನೋಡ್ಬಿಟ್ಟು ಆಮೇಲೆ ಬರೀಬಾರ್ದಿತ್ತಾ?" ಅಂದರು. ಗುತ್ತಿಗೆ ಇನ್ನೊಂದು ವರ್ಷಕ್ಕೆ ಮುಂದುವರಿಯಿತು.

ಮುಂದಿನ ತಿಂಗಳು ಯೀಸ್ಟ್ ತರಲು ಹೋದೆ. ಅಟೆಂಡರ್ ಫ್ಲಾಸ್ಕು ಸಿದ್ಧ ಮಾಡಿಟ್ಟಿದ್ದರು, ಹತ್ತಿ ಬಿರಡೆಯ ಮೇಲೆ ಕಾಗದ ಕಟ್ಟಿ. ಕ್ಷಮೆ ಕೇಳಬೇಕೆಂದು ಬಸ್ಸಿನಲ್ಲಿ ಮೂರ್ನಾಲ್ಕು ವಾಕ್ಯ ಜೋಡಿಸಿಕೊಂಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವರೇ ಮಾತಾಡಿದರು.

"ಎರಡೂ ಕಾಗದ ಓದಿದೆ ಮೇಡಂ. ಪ್ರಿನ್ಸಿಪಾಲ್ರು ಎರಡನೇದೂ ತೋರಿಸಿದ್ರು."

"ಹ್ಞೂಂ," ಅಂದೆ.

"ಮೊದಲನೇದೇ ಚೆನ್ನಾಗಿ ಬರ್ದಿದ್ರಿ."

ಫ್ಲಾಸ್ಕನ್ನು ನನ್ನ ಕೈಗಿಟ್ಟು ಶೇಕರಿನ ಕಡೆ ತಿರುಗಿದರು. ಶಿವಮೊಗ್ಗದವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಆಡಿಸುತ್ತ ಬಂದೆ, ಎದುರು ಸೀಟಿನಲ್ಲಿ ಯಾರೋ ನೋಡಿ ನಗುತ್ತಿದ್ದರು.